ಗುಟ್ಟು ಗ್ರಾಹಕರದು, ಲಾಭ ಅಂಗಡಿಯದು: ಆ್ಯಪ್ ಆಧಾರಿತ ‘ಮಸಾಜರ್’ ಒಂದರ ವಿಮರ್ಶೆ

ನನ್ನ ಪತಿ ಉದ್ಯೋಗನಿಮಿತ್ತ ದೋಹಾದಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ವರ್ಷದ ಬಹುಭಾಗ ದೂರ ದೂರವೇ ಇರಬೇಕಾದ ದಂಪತಿಗಳಿಗೆಂದು ತಯಾರಾದದ್ದು ಎಂಬ ಜಾಹೀರಾತನ್ನು ನೋಡಿ, ಮೊಬೈಲ್ ಆ್ಯಪ್ ಮೂಲಕ ಇನ್ನೊಂದು ದೇಶದಿಂದಲೂ ನಡೆಸಬಹುದಾದ ವೈಬ್ರೇಟರ್ ಒಂದನ್ನು ನಾವಿಬ್ಬರೂ ಮಾತನಾಡಿಕೊಂಡೇ ಆನ್‌ಲೈನ್ ಅಂಗಡಿಯಿಂದ ತರಿಸಿದೆವು. ಅಂಗಡಿಯ ಹೆಸರನ್ನಾಗಲಿ ಸಾಧನದ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಇದೇ ಅಚ್ಚಿನ ಸರಕು ಬೇರೆ ಬೇರೆ ಹೆಸರುಗಳಲ್ಲಿ ಹಲವು ಅಂಗಡಿಗಳಲ್ಲಿ ಕಾಣಸಿಗುತ್ತಿರುವಾಗ, ಒಂದೇ ಹೆಸರನ್ನು ಹಿಡಿದು ದೂರಿದರೆ ಉಳಿದವರೆಲ್ಲ ಸಾಚಾ ಎಂಬ ಅರ್ಥ ಬಂದೀತು.

ಸಾಧನವು ಹೇಳಿದ ಕೆಲಸವನ್ನು ಮಾಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಮಾಡುತ್ತದೆ. ಸದ್ದು ಕಡಿಮೆ, ಚಾರ್ಜ್ ಸಾಕಷ್ಟು ಹೊತ್ತು ನಿಲ್ಲುತ್ತದೆ, ನೀರು ತಾಗಿದರೆ ಕೆಡುವುದಿಲ್ಲ. ಇಂತಹ ವಸ್ತುವನ್ನು ಕೊಳ್ಳುವುದೇ ಅನೈತಿಕವೆಂದು ನಂಬುವವರ ಜೊತೆ ವಾದಕ್ಕೆ ಇಳಿಯುವ ಉದ್ದೇಶವೂ ನನಗಿಲ್ಲ. ವಯಸ್ಕರಾದ ಗಂಡ ಹೆಂಡತಿ ಒಪ್ಪಿ ಮಾಡಿಕೊಂಡ ಏರ್ಪಾಡಿನಲ್ಲಿ ನೀತಿಗೆ ವಿರುದ್ಧವಾದದ್ದು ನನಗೆ ಕಾಣುವುದಿಲ್ಲ. ನನಗೆ ಕಂಡ ಅನೀತಿಯೆಲ್ಲ ಮಾರುವವರ ಕಡೆಯದು. ಕೊಂಡವರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲವೆಂಬ ಭರವಸೆಯ ಮೇಲೆಯೇ ಈ ವ್ಯಾಪಾರ ನಿಂತಿದೆ ಎಂದು ಪಾರ್ಸೆಲ್ ತೆರೆದಾಗಿನಿಂದ ಆ್ಯಪ್ ಅಳಿಸುವವರೆಗೆ ಪ್ರತಿ ಹಂತದಲ್ಲೂ ಅನ್ನಿಸಿತು.

ಪಾರ್ಸೆಲ್‌ನ ಹೊರಮೈಯಲ್ಲಿ ಏನೂ ಬರೆದಿರಲಿಲ್ಲ, ಬಿಲ್ಲಿನಲ್ಲಿ ‘ಪರ್ಸನಲ್ ಕೇರ್’ ಎಂದಷ್ಟೇ ಇತ್ತು. ಸೆಕ್ಯುರಿಟಿಯವರ ಮೇಜಿನ ಮೇಲೆ ಎಲ್ಲರ ಪಾರ್ಸೆಲ್‌ಗಳೂ ಸಾಲಾಗಿ ಕೂರುವ ಅಪಾರ್ಟ್‌ಮೆಂಟಿನಲ್ಲಿ ಇದು ದೊಡ್ಡ ಉಪಕಾರವೇ ಸರಿ. ಆದರೆ ಒಳಗಿನ ಪೆಟ್ಟಿಗೆಯೂ ಅಷ್ಟೇ ಮೌನವಾಗಿತ್ತು. ಅಂಗಡಿಯ ಪುಟದಲ್ಲಿ ‘ಸಂಗಾತಿಗಳ ಸುಖಕ್ಕೆ’ ಎಂದು ನೇರವಾಗಿ ಮಾರಲಾದ ವಸ್ತು ಪೆಟ್ಟಿಗೆಯ ಮೇಲೆ ‘ಬಾಡಿ ಮಸಾಜರ್’ ಆಗಿತ್ತು, ಹೆಗಲಿಗೆ ಅದನ್ನು ಒತ್ತಿಕೊಂಡು ನಗುತ್ತಿರುವ ಹೆಣ್ಣುಮಗಳೊಬ್ಬಳ ಚಿತ್ರವೂ ಇತ್ತು. ಬೆಲೆಯ ಚೀಟಿ ಅಂಟಿಸಿದ್ದರು, ಆಮದುದಾರರ ಹೆಸರು, ವಿಳಾಸ ಎಲ್ಲಿಯೂ ಇರಲಿಲ್ಲ. ಪ್ಯಾಕ್ ಮಾಡಿದ ಸರಕಿನ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ದೂರು ನೀಡಲು ಸಂಪರ್ಕ ಇವೆಲ್ಲ ಇರಲೇಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣವೂ ಪಾಲಿಸುವ ನಿಯಮವದು. ಒಳಗಿದ್ದ ಕೈಪಿಡಿ ಇಂಗ್ಲಿಷ್ ಮತ್ತು ಚೀನೀ ಭಾಷೆಗಳಲ್ಲಿತ್ತು. ಅದರ ಕೊನೆಯ ಸಾಲನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿಕೊಂಡೇ ಓದಬೇಕಾಯಿತು. ಈ ವಸ್ತು ವಿನೋದಕ್ಕಾಗಿ ಮಾತ್ರ, ದೇಹದ ಮೇಲಿನ ಬಳಕೆಯಿಂದಾಗುವ ಯಾವುದೇ ಪರಿಣಾಮಕ್ಕೆ ಕಂಪನಿ ಹೊಣೆಯಲ್ಲ ಎಂಬುದು ಅದರ ತಾತ್ಪರ್ಯ. ದೇಹಕ್ಕಲ್ಲದೆ ಇದನ್ನು ಇನ್ನಾವುದಕ್ಕೆ ಬಳಸಬೇಕಿತ್ತೋ ತಿಳಿಯದು.

ಇದರ ಪೂರ್ಣ ದೋಷವನ್ನು ಅಂಗಡಿಯ ತಲೆಗೆ ಕಟ್ಟುವುದು ಮಾತ್ರ ನ್ಯಾಯವಲ್ಲ. ಅಶ್ಲೀಲ ವಸ್ತುಗಳ ಮಾರಾಟವನ್ನು ಅಪರಾಧವೆನ್ನುವ ಕಾನೂನು ಹಿಂದೆ ಭಾರತೀಯ ದಂಡ ಸಂಹಿತೆಯ 292ನೇ ಸೆಕ್ಷನ್ ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 294ನೇ ಸೆಕ್ಷನ್ ಆಗಿದೆ. ಇಂತಹ ಸಾಧನಗಳು ಅದರ ವ್ಯಾಪ್ತಿಗೆ ಬರುತ್ತವೆಯೇ ಇಲ್ಲವೇ ಎಂಬುದನ್ನು ಅದು ಸ್ಪಷ್ಟವಾಗಿ ಹೇಳುವುದಿಲ್ಲ. ಆಮದಾದ ಬಾಡಿ ಮಸಾಜರ್‌ಗಳನ್ನು ಲೈಂಗಿಕ ಬಳಕೆಗೂ ಉಪಯೋಗಿಸಬಹುದೆಂಬ ಕಾರಣಕ್ಕೆ ಕಸ್ಟಮ್ಸ್ ಇಲಾಖೆ, ಅಶ್ಲೀಲ ವಸ್ತುಗಳ ಆಮದನ್ನು ನಿಷೇಧಿಸುವ 1964ರ ಅಧಿಸೂಚನೆಯ ಆಧಾರದ ಮೇಲೆ ಜಪ್ತಿ ಮಾಡಿದ ಪ್ರಕರಣದಲ್ಲಿ, ಬಾಂಬೆ ಹೈಕೋರ್ಟ್ 2024ರಲ್ಲಿ ಆಮದುದಾರರ ಪರವಾಗಿ ತೀರ್ಪು ಕೊಟ್ಟಿತು. ತೀರ್ಪು ಸರಿಯಾಗಿಯೇ ಇದೆ. ಆದರೆ ವ್ಯಾಪಾರಿಗಳು ಅದರಿಂದ ಕಲಿಯುವ ಪಾಠವೆಂದರೆ, ಉದ್ದೇಶವನ್ನು ಬರೆಯದಿದ್ದವನು ಕ್ಷೇಮ, ಬರೆದವನಿಗೆ ತೊಂದರೆ ಎಂಬುದು. ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿಯೂ ಕಾರ್ಖಾನೆ ಹೊಂದಿರುವ, ಕೇಂದ್ರ ಸರ್ಕಾರದ್ದೇ ಆದ ಹಿಂದುಸ್ತಾನ್ ಲೇಟೆಕ್ಸ್ ಸಂಸ್ಥೆ 2007ರಲ್ಲಿ ‘ಕ್ರೆಸೆಂಡೊ’ ಎಂಬ ಹೆಸರಿನಲ್ಲಿ ಕಾಂಡೋಮಿನ ಜೊತೆಗೆ ಕಂಪಿಸುವ ಉಂಗುರವೊಂದನ್ನು ಮಾರುಕಟ್ಟೆಗೆ ತಂದಾಗ, ಅದು ಲೈಂಗಿಕ ಆಟಿಕೆಯೆಂದು ಮಧ್ಯಪ್ರದೇಶದ ಸಚಿವರೊಬ್ಬರು ಗದ್ದಲವೆಬ್ಬಿಸಿದ್ದರು. ಹೆಸರು, ವಿಳಾಸ ಹಾಕಿಕೊಂಡು ಮಾರಿದ ಸರ್ಕಾರಿ ಸಂಸ್ಥೆ ಟೀಕೆಗೆ ಗುರಿಯಾಯಿತು. ವಿಳಾಸವೇ ಇಲ್ಲದವರು ಇಂದು ನೆಮ್ಮದಿಯಿಂದ ಹಬ್ಬದ ರಿಯಾಯಿತಿ ಘೋಷಿಸುತ್ತಿದ್ದಾರೆ.

ವಸ್ತು ಯಾವುದರಿಂದ ಆಗಿದೆ ಎಂಬ ವಿಷಯಕ್ಕೆ ಬರೋಣ. ‘ಮೆಡಿಕಲ್ ಸಿಲಿಕೋನ್’ ಎಂದು ಪುಟದಲ್ಲಿ ಬರೆದಿದೆ, ಅದಕ್ಕೆ ಪುರಾವೆಯಾಗಿ ಯಾವ ಪ್ರಮಾಣಪತ್ರವೂ ಇಲ್ಲ. ಮುಖ್ಯ ಸಾಧನಕ್ಕೆ ವಾಸನೆಯಿಲ್ಲ, ಮೈ ನುಣುಪಾಗಿದೆ; ಅದು ಸಿಲಿಕೋನ್ ಇದ್ದರೂ ಇರಬಹುದು. ಜೊತೆಗೆ ಉಚಿತವೆಂದು ಕೊಟ್ಟ ಮೃದುವಾದ ಕವಚಕ್ಕೆ ಮಾತ್ರ ಹೊಸ ರೇನ್‌ಕೋಟಿನಂತಹ ಘಾಟು ವಾಸನೆಯಿತ್ತು, ಎರಡು ವಾರ ಡ್ರಾಯರಿನಲ್ಲಿ ಇಟ್ಟ ಮೇಲೆ ಬೆರಳಿಗೆ ಅಂಟತೊಡಗಿತು. ಪಿವಿಸಿ ಎಂಬ ಪ್ಲಾಸ್ಟಿಕ್ಕನ್ನು ಮೆದುಗೊಳಿಸಲು ಬಳಸುವ ಥಾಲೇಟ್ ರಾಸಾಯನಿಕಗಳು ಗಟ್ಟಿಯಾಗಿ ಕೂಡಿಕೊಂಡಿರುವುದಿಲ್ಲ, ನಿಧಾನವಾಗಿ ಹೊರಕ್ಕೆ ಜಿನುಗುತ್ತವೆ. ಅವುಗಳಲ್ಲಿ ಕೆಲವು ಸಂತಾನಶಕ್ತಿಗೆ ಸಂಬಂಧಿಸಿದ ಹಾರ್ಮೋನುಗಳ ಮೇಲೆ ಪರಿಣಾಮ ಬೀರುವಂಥವು. ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2006ರಲ್ಲಿಯೇ ಲೈಂಗಿಕ ಸಾಧನಗಳನ್ನು ಪರೀಕ್ಷೆಗೆ ಒಡ್ಡಿ ಅವುಗಳಲ್ಲಿ ಥಾಲೇಟ್‌ಗಳಿರುವುದನ್ನು ವರದಿ ಮಾಡಿತ್ತು. ಮಕ್ಕಳ ಆಟಿಕೆಗಳಲ್ಲಿ ಇಂತಹ ಕೆಲವು ಥಾಲೇಟ್‌ಗಳ ಪ್ರಮಾಣ ಶೇ 0.1ನ್ನು ಮೀರಬಾರದೆಂದು ಐರೋಪ್ಯ ಒಕ್ಕೂಟ ನಿರ್ಬಂಧಿಸಿದೆ. ನಮ್ಮಲ್ಲಿಯೂ 2021ರ ಜನವರಿಯಿಂದ ಮಕ್ಕಳ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯವಾಗಿದೆ. ಮಗು ಬಾಯಿಗಿಟ್ಟುಕೊಳ್ಳುವ ಗಿಲಕಿಗೆ ಪರೀಕ್ಷೆಯಿದೆ, ದೇಹದ ಅತ್ಯಂತ ಸೂಕ್ಷ್ಮವಾದ ಒಳಚರ್ಮಕ್ಕೆ ತಾಗುವ ವಸ್ತುವಿಗೆ ಇಲ್ಲ. ಐಎಸ್ಒ 3533 ಎಂಬ ಅಂತರರಾಷ್ಟ್ರೀಯ ಮಾನದಂಡವೊಂದು 2021ರಲ್ಲಿ ಬಂದಿದೆ. ಜನನಾಂಗ, ಗುದಭಾಗಗಳಿಗೆ ನೇರವಾಗಿ ತಾಗುವ ಸಾಧನಗಳ ವಿನ್ಯಾಸ ಮತ್ತು ಸುರಕ್ಷತೆ ಹೇಗಿರಬೇಕೆಂದು ಅದು ಹೇಳುತ್ತದೆ. ಈ ಅಂಗಡಿಯವರಿಗೆ ಪತ್ರ ಬರೆದು ಅದರ ಬಗ್ಗೆ ಕೇಳಿದಾಗ, ತಮ್ಮ ಸರಕು ‘ಹಂಡ್ರೆಡ್ ಪರ್ಸೆಂಟ್ ಸೇಫ್’ ಎಂಬ ಉತ್ತರ ಬಂತು.

ಕೈಪಿಡಿಯಲ್ಲಿ ಇರಬೇಕಿದ್ದು ಇಲ್ಲದ ಮಾತುಗಳೂ ಇವೆ. ಸಾಧನಕ್ಕೆ ಕಾಂಡೋಮ್ ಹಾಕಿ ಬಳಸಿರೆಂದು ಅದು ಹೇಳುತ್ತದೆ, ಎಣ್ಣೆಯ ವಿಷಯವನ್ನು ಎತ್ತುವುದೇ ಇಲ್ಲ. ನಮ್ಮ ಮನೆಗಳಲ್ಲಿ ಇಂತಹ ಹೊತ್ತಿಗೆ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ, ಮತ್ತು ಯಾವುದೇ ಎಣ್ಣೆ ಲೇಟೆಕ್ಸ್ ಕಾಂಡೋಮನ್ನು ಬೇಗನೆ ದುರ್ಬಲಗೊಳಿಸುತ್ತದೆ. ನೀರಿನ ಆಧಾರದ ಜೆಲ್ ಮಾತ್ರ ಬಳಸಿ ಎಂಬ ಒಂದೇ ಸಾಲು ಸಾಕಿತ್ತು.

ನನಗೆ ಅತಿ ಹೆಚ್ಚು ಕಸಿವಿಸಿಯಾದದ್ದು ಆ್ಯಪ್‌ನಿಂದ. ತೆರೆದೊಡನೆ ಅದು ಫೋನ್ ನಂಬರ್ ಕೇಳಿತು, ಬಳಿಕ ಲೊಕೇಶನ್, ಮೈಕ್, ಕಾಂಟ್ಯಾಕ್ಟ್ಸ್ ಹೀಗೆ ಒಂದಾದ ಮೇಲೊಂದು ಅನುಮತಿ ಬೇಡಿತು. ಆಂಡ್ರಾಯ್ಡ್ 11ರವರೆಗೆ ಹತ್ತಿರದ ಬ್ಲೂಟೂತ್ ಸಾಧನಗಳನ್ನು ಹುಡುಕಲು ಲೊಕೇಶನ್ ಅನುಮತಿ ಬೇಕಾಗುತ್ತಿದ್ದುದು ನಿಜ. ಆ ನಂತರದ ಆವೃತ್ತಿಗಳಲ್ಲಿ ಅದಕ್ಕೇ ಪ್ರತ್ಯೇಕ ಅನುಮತಿಯಿದೆ, ಲೊಕೇಶನ್ ಕೊಡಬೇಕಾದ ಅಗತ್ಯವಿಲ್ಲ. ನನ್ನ ಫೋನ್ ಹೊಸದು, ಆದರೂ ಲೊಕೇಶನ್ ಕೊಡದೆ ಆ್ಯಪ್ ಮುಂದಕ್ಕೆ ಹೋಗಲಿಲ್ಲ. ಮೈಕ್ ಸಂಗೀತದ ತಾಳಕ್ಕೆ ತಕ್ಕಂತೆ ಕಂಪಿಸುವುದಕ್ಕಂತೆ. ಕಾಂಟ್ಯಾಕ್ಟ್ಸ್ ಏಕೆಂಬುದಕ್ಕೆ ವಿವರಣೆಯೇ ಇಲ್ಲ. ಮನೆ ಕೆಲಸದವರಿಂದ ಹಿಡಿದು ನಾದಿನಿಯವರೆಗೆ ಎಲ್ಲರ ನಂಬರುಗಳಿರುವ ಪಟ್ಟಿಯನ್ನು ಇಂತಹ ಆ್ಯಪ್‌ನ ಕೈಗೆ ಕೊಡುವವರು ಯಾರು?

ಮೇಲಿನ ಮೂಲೆಯಲ್ಲಿ ‘ನಿಮ್ಮ ಚಟುವಟಿಕೆ’ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ವಾರದ ಏಳು ದಿನಗಳಿಗೆ ಏಳು ಗುಲಾಬಿ ಪಟ್ಟಿಗಳು ಏಳುತ್ತವೆ. ಯಾವ ದಿನ, ಯಾವ ಹೊತ್ತಿನಲ್ಲಿ, ಎಷ್ಟು ನಿಮಿಷ, ಯಾವ ತೀವ್ರತೆಯಲ್ಲಿ ಎಂಬ ಲೆಕ್ಕ ಅದರಲ್ಲಿದೆ. ನಡಿಗೆಯ ಹೆಜ್ಜೆ ಎಣಿಸುವ ಆ್ಯಪ್‌ನಿಂದ ಎರವಲು ತಂದ ವಿನ್ಯಾಸವಿರಬೇಕು. ಅದೇ ಚಿತ್ರ ದೋಹಾದಲ್ಲಿ ನನ್ನ ಪತಿಯ ಫೋನಿನಲ್ಲಿಯೂ ಕಾಣುತ್ತಿತ್ತು. ಅವರು ಜೊತೆಗಿಲ್ಲದ ಹೊತ್ತಿನ ಬಳಕೆಯೂ ಅದರಲ್ಲಿ ಸೇರಿತ್ತು. ನಮ್ಮಿಬ್ಬರ ನಡುವೆ ಅದರಿಂದ ಏನೂ ಆಗಲಿಲ್ಲ, ಅವರೇ ಮೊದಲು ಅದನ್ನು ನನ್ನ ಗಮನಕ್ಕೆ ತಂದರು. ಆದರೆ ಹೆಂಡತಿಯ ಫೋನನ್ನು ದಿನವೂ ಪರೀಕ್ಷಿಸುವ ಗಂಡಂದಿರು ಇರುವ ಲೋಕದಲ್ಲಿ, ಹೆಣ್ಣಿನ ಏಕಾಂತದ ಸಮಯಪಟ್ಟಿಯನ್ನು ಆಕೆಯನ್ನು ಒಂದು ಮಾತೂ ಕೇಳದೆ ಇನ್ನೊಬ್ಬರ ಕೈಗಿಡುವ ವಿನ್ಯಾಸವನ್ನು ಯಾರೋ ಕುಳಿತು ಯೋಚಿಸಿ ಮಾಡಿದ್ದಾರೆ ಎಂಬುದನ್ನು ಮರೆಯುವಂತಿಲ್ಲ. ಆ ಲೆಕ್ಕವನ್ನು ನಿಲ್ಲಿಸುವ ಆಯ್ಕೆಯನ್ನು ಹುಡುಕಿದೆ, ಸಿಗಲಿಲ್ಲ.

ಈ ಲೆಕ್ಕ ಕಂಪನಿಯ ಸರ್ವರ್‌ಗೂ ಹೋಗುತ್ತದೆಯೇ ಎಂಬ ಸಂಶಯಕ್ಕೆ ಆಧಾರವಿದೆ, ಏಕೆಂದರೆ ಹಾಗೆ ಆಗಿರುವುದುಂಟು. ಕೆನಡಾದ ಸ್ಟ್ಯಾಂಡರ್ಡ್ ಇನ್ನೋವೇಶನ್ ಕಂಪನಿಯ ‘ವೀ-ವೈಬ್’ ಸಾಧನ ತನ್ನ ತಾಪಮಾನವನ್ನೂ ಕಂಪನದ ತೀವ್ರತೆಯನ್ನೂ ಬಳಕೆಯ ಹೊತ್ತಿನಲ್ಲಿಯೇ ಕಂಪನಿಗೆ ಕಳಿಸುತ್ತಿದೆ ಎಂಬುದನ್ನು ನ್ಯೂಜಿಲೆಂಡಿನ ಇಬ್ಬರು ಸಂಶೋಧಕರು 2016ರ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಹ್ಯಾಕರ್‌ಗಳ ‘ಡೆಫ್ ಕಾನ್’ ಸಮ್ಮೇಳನದಲ್ಲಿ ತೋರಿಸಿದರು. ತಾಪಮಾನದ ಮಾಹಿತಿ ಯಂತ್ರದ ತಪಾಸಣೆಗೆ, ತೀವ್ರತೆಯ ಮಾಹಿತಿ ಮಾರುಕಟ್ಟೆಯ ಅಧ್ಯಯನಕ್ಕೆ ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಅಮೆರಿಕದ ಇಲಿನಾಯ್‌ನಲ್ಲಿ ಗ್ರಾಹಕಿಯೊಬ್ಬರು ಹೂಡಿದ ದಾವೆ 2017ರಲ್ಲಿ ಸುಮಾರು 37.5 ಲಕ್ಷ ಅಮೆರಿಕನ್ ಡಾಲರ್‌ಗಳ ರಾಜಿಯೊಂದಿಗೆ ಮುಗಿಯಿತು. ಅದೇ ವರ್ಷ ‘ಸೀಮಿ ಐ’ ಎಂಬ, ಕ್ಯಾಮೆರಾ ಅಳವಡಿಸಿದ ಸಾಧನದ ವೈಫೈಗೆ ಎಂಟು ಸಲ 8 ಎಂಬುದೇ ಪಾಸ್‌ವರ್ಡ್ ಆಗಿರುವುದನ್ನು ಬ್ರಿಟನ್ನಿನ ಪೆನ್ ಟೆಸ್ಟ್ ಪಾರ್ಟ್‌ನರ್ಸ್ ಎಂಬ ಸೈಬರ್ ಸುರಕ್ಷತಾ ಸಂಸ್ಥೆ ಬಯಲಿಗೆಳೆಯಿತು. ‘ಲವೆನ್ಸ್’ ಕಂಪನಿಯ ಆಂಡ್ರಾಯ್ಡ್ ಆ್ಯಪ್ ಬಳಕೆಯ ಹೊತ್ತಿನ ಧ್ವನಿಯನ್ನು ಫೋನಿನಲ್ಲಿ ಕಡತವಾಗಿ ಉಳಿಸಿಬಿಟ್ಟಿದ್ದೂ 2017ರಲ್ಲಿಯೇ. ಕಂಪನಿ ಅದನ್ನು ಸಣ್ಣ ತಾಂತ್ರಿಕ ದೋಷವೆಂದಿತು. ಬಳಕೆದಾರರು ತಪ್ಪು ಮಾಡಿದ್ದರಿಂದ ಆದದ್ದು ಇವುಗಳಲ್ಲಿ ಒಂದೂ ಇಲ್ಲ.

ಬ್ಲೂಟೂತ್ ಬಗೆಗೂ ಒಂದು ಮಾತು. ಸಾಧನವನ್ನು ಚಾಲೂ ಮಾಡಿ ಮಲಗುವ ಕೋಣೆಯಲ್ಲಿಟ್ಟು, ಇನ್ನೊಂದು ಫೋನ್ ಹಿಡಿದು ಮುಂಬಾಗಿಲು ದಾಟಿ ಲಿಫ್ಟಿನ ಎದುರು ನಿಂತೆ. ಹತ್ತಿರದ ಸಾಧನಗಳ ಪಟ್ಟಿಯಲ್ಲಿ ಪಕ್ಕದ ಮನೆಯ ಟಿವಿ, ಯಾರದೋ ಇಯರ್‌ಫೋನ್, ಅವುಗಳ ನಡುವೆ ಈ ಸಾಧನ ತನ್ನ ಪೂರ್ಣ ಹೆಸರು ಹಾಗೂ ಮಾದರಿ ಸಂಖ್ಯೆಯೊಂದಿಗೆ ಕಾಣಿಸಿತು. ಪಾರ್ಸೆಲ್‌ನ ಮೇಲೆ ಹೆಸರು ಹಾಕದಷ್ಟು ಎಚ್ಚರ ವಹಿಸಿದವರು ಇಲ್ಲಿ ಮಹಡಿಗೆಲ್ಲ ಸಾರುತ್ತಿದ್ದರು.

ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ಕಾನೂನಿನ 9ನೇ ವಿಧಿ ವ್ಯಕ್ತಿಯ ಲೈಂಗಿಕ ಜೀವನದ ಮಾಹಿತಿಯನ್ನು ವಿಶೇಷ ರಕ್ಷಣೆಯ ವರ್ಗದಲ್ಲಿ ಇರಿಸಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅಂತಹ ಪ್ರತ್ಯೇಕ ವರ್ಗವಿಲ್ಲ. ಮೊಬೈಲ್ ನಂಬರಿಗೂ ಮಂಚದ ಮೇಲಿನ ಲೆಕ್ಕಕ್ಕೂ ಅದರಲ್ಲಿ ಒಂದೇ ದರ್ಜೆ. ಆದರೆ ಒಪ್ಪಿಗೆ ಕೇಳುವಾಗ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲಿಯೂ, ಓದಿಕೊಳ್ಳುವ ಆಯ್ಕೆ ಕೊಡಬೇಕೆಂದೂ, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕೆಂದೂ ಆ ಕಾಯ್ದೆ ಹೇಳುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಈ ಆ್ಯಪ್‌ನ ಗೋಪ್ಯತಾ ನೀತಿ ಇಂಗ್ಲಿಷಿನಲ್ಲಿ ಮಾತ್ರವಿದೆ. ‘ಪಾಲುದಾರ ಸಂಸ್ಥೆಗಳೊಂದಿಗೆ’ ಮಾಹಿತಿ ಹಂಚಿಕೊಳ್ಳುವುದಾಗಿ ಅದರಲ್ಲಿ ಬರೆದಿದೆ, ಆ ಪಾಲುದಾರರು ಯಾರೆಂದು ಬರೆದಿಲ್ಲ. ಖಾತೆ ತೆರೆಯಲು ಒಂದು ಒಟಿಪಿ ಸಾಕಾಯಿತು. ಮುಚ್ಚಲು, ಕಾರಣ ತಿಳಿಸಿ ಇಮೇಲ್ ಬರೆಯಬೇಕು, ಜೊತೆಗೆ ಗುರುತಿನ ಚೀಟಿಯ ಪ್ರತಿ ಲಗತ್ತಿಸಬೇಕು. ವೈಬ್ರೇಟರಿನ ಖಾತೆಗೆ ಆಧಾರ್ ಕಾರ್ಡ್ ಜೋಡಿಸಿ ಕಳಿಸುವ ಧೈರ್ಯ ನನಗಾಗಲಿಲ್ಲ.

ದೂರದಿಂದ ನಡೆಸುವ ಸೌಲಭ್ಯದ ವಿಚಾರದಲ್ಲಿ ಒಂದು ಒಳ್ಳೆಯ ಅಂಶವನ್ನು ಹೇಳಲೇಬೇಕು. ಇನ್ನೊಂದು ತುದಿಯಿಂದ ಯಾರು ಏನೇ ಒತ್ತುತ್ತಿದ್ದರೂ ಸಾಧನದ ಮೇಲಿನ ಗುಂಡಿಯನ್ನು ಒಮ್ಮೆ ಅದುಮಿದರೆ ಅದು ತಟ್ಟನೆ ನಿಲ್ಲುತ್ತದೆ. ಇದು ಸಣ್ಣ ಸಂಗತಿಯಲ್ಲ. ಪುರುಷರಿಗಾಗಿ ಚೀನಾದ ಕ್ಯುಯ್ ಕಂಪನಿ ತಯಾರಿಸಿದ ‘ಸೆಲ್‌ಮೇಟ್’ ಎಂಬ, ಜನನಾಂಗಕ್ಕೆ ತೊಡಿಸುವ ಬೀಗದಂತಹ ಸಾಧನದ ಸರ್ವರ್ ದೋಷದಿಂದಾಗಿ ಯಾರು ಬೇಕಾದರೂ ಅದನ್ನು ದೂರದಿಂದ ಬಂಧಿಸಿಬಿಡಬಹುದೆಂದು 2020ರಲ್ಲಿ ಗೊತ್ತಾಯಿತು. ಕೈಯಿಂದ ತೆರೆಯುವ ಉಪಾಯವನ್ನೇ ಅದಕ್ಕೆ ಕೊಟ್ಟಿರಲಿಲ್ಲ, ಬಳಿಕ ಬಿಟ್‌ಕಾಯಿನ್ ಕೊಟ್ಟರಷ್ಟೇ ಬಿಡುತ್ತೇವೆಂದು ಬೆದರಿಸಿದವರೂ ಇದ್ದರು. ನಮ್ಮ ಸಾಧನದಲ್ಲಿ ತೊಂದರೆ ಬೇರೆ. ದೂರದಿಂದ ನಡೆಸಲೆಂದು ಸಂಗಾತಿಗೆ ಕಳಿಸುವ ಕೊಂಡಿಗೆ (ಲಿಂಕ್‌ಗೆ) ಅವಧಿಯೇ ಇಲ್ಲ. ಒಮ್ಮೆ ಕಳಿಸಿದ ಕೊಂಡಿ ವಾರಗಳ ನಂತರವೂ ಕೆಲಸ ಮಾಡುತ್ತಿತ್ತು. ಅದನ್ನು ಮನೆಯಲ್ಲಿದ್ದ ಇನ್ನೊಂದು ಫೋನಿಗೆ ಕಳಿಸಿ ಒತ್ತಿದರೆ ಅಲ್ಲಿಯೂ ನಿಯಂತ್ರಣ ಸಿಕ್ಕಿತು, ನನ್ನನ್ನು ಕೇಳಲಿಲ್ಲ. ಇಂದು ರಾತ್ರಿ ಒಬ್ಬರಿಗೆ ಕೊಟ್ಟ ಒಪ್ಪಿಗೆ ಎಂದೆಂದಿಗೂ, ಕೊಂಡಿ ಸಿಕ್ಕಿದವರೆಲ್ಲರಿಗೂ ಸಲ್ಲುತ್ತದೆಂದು ಈ ಆ್ಯಪ್ ತಿಳಿದುಕೊಂಡಿದೆ. ಸಂಬಂಧ ಮುರಿದವರ, ಫೋನ್ ಕಳೆದುಕೊಂಡವರ ಗತಿಯೇನು? ಪ್ರತಿ ಸಲವೂ ಧರಿಸಿದವರ ಅನುಮತಿ ಕೇಳುವ ಒಂದು ಪರದೆಯನ್ನು ಸೇರಿಸಲು ಹೆಚ್ಚು ಖರ್ಚಾಗುವುದಿಲ್ಲ.

ಅದೇ ಅಂಗಡಿಯ ಉಳಿದ ಕಪಾಟುಗಳನ್ನೂ ನೋಡಿದೆ. ಗಂಡಸರ ವಿಭಾಗದಲ್ಲಿ ‘ಶಕ್ತಿ’ ಹೆಚ್ಚಿಸುವ ಎಣ್ಣೆಗಳು, ಮಾತ್ರೆಗಳು, ಮೆಜೆಸ್ಟಿಕ್ ಸುತ್ತಿನ ಗೋಡೆಗಳ ಮೇಲೆ ಗುಪ್ತರೋಗದ ಚೀಟಿ ಅಂಟಿಸುವವರ ಭಾಷೆಯಲ್ಲಿಯೇ, ಕಾಗದ ಮಾತ್ರ ನುಣುಪು. ಲೈಂಗಿಕ ಸುಖದ ಸಾಮರ್ಥ್ಯವನ್ನು ಹೆಚ್ಚಿಸುತ್ತದೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆ ನಿಷೇಧಿಸಿದೆ. ಹೆಂಗಸರ ವಿಭಾಗದಲ್ಲಿ ಬಿಗಿಗೊಳಿಸುವ ಜೆಲ್, ಬೆಳ್ಳಗಾಗಿಸುವ ಕ್ರೀಮ್. 2012ರಲ್ಲಿ ‘18 ಅಗೇನ್’ ಎಂಬ ಜೆಲ್‌ನ ಜಾಹೀರಾತಿನಲ್ಲಿ ಸೀರೆಯುಟ್ಟ ಗೃಹಿಣಿ ತಾನು ಮತ್ತೆ ಕನ್ಯೆಯಾದೆನೆಂದು ಅಂಗಳದಲ್ಲಿ ಕುಣಿದಾಗ ದೇಶದಾದ್ಯಂತ ಟೀಕೆ ಬಂದಿತ್ತು. ಅದೇ ಭರವಸೆ ಇಲ್ಲಿ ಈಗಲೂ ಬಿಕರಿಯಾಗುತ್ತಿದೆ, ವೈಬ್ರೇಟರ್ ಕೊಂಡವರಿಗೆ ಶೇ 20ರ ರಿಯಾಯಿತಿಯಲ್ಲಿ. ಒಂದು ಕೈಯಿಂದ ಹೆಣ್ಣಿಗೆ ಅವಳ ಸುಖ ಅವಳದೆನ್ನುತ್ತ, ಇನ್ನೊಂದು ಕೈಯಿಂದ ಅವಳ ದೇಹದಲ್ಲಿ ಐಬು ತೋರಿಸುವುದು ಇವರ ಜಾಣತನ. ನನಗೆ ಸಾಧನಕ್ಕಿಂತ ಈ ಕಪಾಟೇ ಹೆಚ್ಚು ಅಶ್ಲೀಲವಾಗಿ ಕಂಡಿತು.

ಗ್ರಾಹಕ ಸೇವೆಗೆ ಕರೆ ಮಾಡಿ ಕವಚದ ವಾಸನೆಯ ವಿಷಯ ಹೇಳಿದಾಗ ಆ ಕಡೆಯಿದ್ದ ಯುವಕ, “ಮೇಡಂ, ಯೂಸ್ ಮಾಡಿದೀರಾ? ಯಾರು ಯೂಸ್ ಮಾಡಿದ್ದು?” ಎಂದು ಎರಡೆರಡು ಬಾರಿ ಕೇಳಿದರು. ಅದೇ ದೂರನ್ನು ನನ್ನ ಪತಿ ದೋಹಾದಿಂದ ಕರೆ ಮಾಡಿ ಹೇಳಿದಾಗ ಯಾವ ಪ್ರಶ್ನೆಯೂ ಬರಲಿಲ್ಲ. “ಸರ್, ಕವರ್ ರಿಪ್ಲೇಸ್ ಮಾಡ್ತೀವಿ” ಎಂದರಂತೆ. ತೆರೆದ ಪೆಟ್ಟಿಗೆಯನ್ನು ಹಿಂದಕ್ಕೆ ಪಡೆಯದಿರುವುದನ್ನು ನೈರ್ಮಲ್ಯದ ದೃಷ್ಟಿಯಿಂದ ಒಪ್ಪಬಹುದು. ಆದರೆ ದೋಷವಿರುವುದು ಆ್ಯಪ್‌ನಲ್ಲಾದರೂ ಅದೇ ಕಾರಣ ಕೊಟ್ಟು ಹಣ ಮರಳಿಸಲು ನಿರಾಕರಿಸುವುದನ್ನು ಒಪ್ಪಲಾಗದು. ಬದಲಿ ಕವಚ ಬಂತು, ವಾಸನೆಯೂ ಅದೇ.

ಇಷ್ಟಾದ ಮೇಲೂ ಕೊಳ್ಳಬೇಕೆಂದಿರುವವರಿಗೆ ನನ್ನ ಸಲಹೆ, ಆ್ಯಪ್ ಇಲ್ಲದ, ಗುಂಡಿಯಿಂದಷ್ಟೇ ನಡೆಯುವ ಮಾದರಿಯನ್ನು ಕೊಳ್ಳಿ. ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಣ ಕೊಡುವ ಮೊದಲು ಆಮದುದಾರರ ಹೆಸರು, ವಿಳಾಸವನ್ನೂ ವಸ್ತುವಿನ ಪರೀಕ್ಷಾ ವರದಿಯನ್ನೂ ಬರಹದಲ್ಲಿ ಕೇಳಿ, ಉತ್ತರ ಬಾರದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳಿ. ಆ್ಯಪ್ ಇರುವುದೇ ಬೇಕೆಂದರೆ ನಿತ್ಯದ ನಂಬರ್ ಕೊಡಬೇಡಿ, ಕಾಂಟ್ಯಾಕ್ಟ್ಸ್ ಅನುಮತಿ ನಿರಾಕರಿಸಿ, ಬಳಸದಿದ್ದಾಗ ಸಾಧನವನ್ನು ಪೂರ್ತಿ ಆಫ್ ಮಾಡಿಡಿ. ನಾವು ಆ್ಯಪ್ ಅಳಿಸಿ ಸಾಧನವನ್ನು ಗುಂಡಿಯಿಂದಲೇ ಬಳಸುತ್ತಿದ್ದೇವೆ, ಎಂದರೆ ದೂರದಿಂದ ನಡೆಯುತ್ತದೆಂಬ ಒಂದೇ ಕಾರಣಕ್ಕೆ ಕೊಟ್ಟ ಹೆಚ್ಚಿನ ಹಣ ನೀರಿಗೆ ಬಿದ್ದಂತಾಗಿದೆ. ಯಂತ್ರಕ್ಕೆ ಐದರಲ್ಲಿ ನಾಲ್ಕು ಅಂಕ, ಅಂಗಡಿಗೆ ಒಂದು, ಆ್ಯಪ್‌ಗೆ ಸೊನ್ನೆ. ಪೆಟ್ಟಿಗೆಯ ಮೇಲೆ ವಿಳಾಸವಿಲ್ಲದ ವಿಷಯವಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ (ದೂರವಾಣಿ ಸಂಖ್ಯೆ 1915) ದೂರು ಕೊಟ್ಟಿದ್ದೇನೆ, ಅದರಲ್ಲಿ ಸರಕಿನ ಉಪಯೋಗವನ್ನು ಇದ್ದದ್ದು ಇದ್ದಂತೆಯೇ ಬರೆದಿದ್ದೇನೆ.